ಗೂಗಲ್ ಅರ್ಥ್ ಗ್ಲೋಬ್ ಮೇಲೆ ಒಂದೇ ಸಲ ಹತ್ತಾರು ಗೆರೆ ಎಳೆಯುವುದು ಹೇಗೆ?

ಗೂಗಲ್ ಅರ್ಥ್‌ನಲ್ಲಿ ಒಂದು ಗೆರೆ ಎಳೆಯುವುದು ಸುಲಭ. ಎರಡು ಕಡೆ ಒತ್ತಿದರೆ ಮುಗಿಯಿತು. ಮೂವತ್ತು ಗೆರೆ ಬೇಕು ಎಂದಾಗ ಕೈ ಸೋಲುತ್ತದೆ. ಭೂಗೋಳ ಪಾಠ ಮಾಡುವ ಮೇಷ್ಟ್ರುಗಳು ಇದನ್ನು ಕೇಳುತ್ತಲೇ ಇರುತ್ತಾರೆ. ವಿದೇಶದಲ್ಲಿರುವ ನೆಂಟರ ಊರುಗಳಿಗೆಲ್ಲ ನಮ್ಮೂರಿಂದ ಗೆರೆ ಎಳೆದು ನೋಡಬೇಕು ಅನ್ನುವವರೂ ಕೇಳುತ್ತಾರೆ. "ಒಂದೊಂದಾಗಿ ಎಳೆಯೋ ಬದಲು ಎಲ್ಲಾನೂ ಒಟ್ಟಿಗೆ ಹಾಕೋಕೆ ಆಗಲ್ವಾ?" ಅನ್ನುವುದೇ ಎಲ್ಲರ ಪ್ರಶ್ನೆ.

ಆಗುತ್ತದೆ. ದುಡ್ಡು ಖರ್ಚಿಲ್ಲ, ಪ್ರೋಗ್ರಾಮಿಂಗ್ ಕೂಡ ಬೇಡ. ಒಂದು ಗೆರೆಯನ್ನು ಕೈಯಲ್ಲಿ ಎಳೆದು, ಅದನ್ನೇ ಅಚ್ಚು ಮಾಡಿಕೊಂಡು, ಉಳಿದ ಗೆರೆಗಳನ್ನು ಆ ಅಚ್ಚಿನಿಂದ ತೆಗೆಯುವುದು ಇಲ್ಲಿನ ದಾರಿ. ಸಾಫ್ಟ್‌ವೇರ್ ಕೆಲಸ ಐದು ನಿಮಿಷದ್ದು. ನಿಜವಾದ ಕೆಲಸ ಇರುವುದು ಸ್ಥಳಗಳ ಪಟ್ಟಿಯಲ್ಲಿ. ಪಟ್ಟಿ ಸರಿಯಿದ್ದರೆ ಗೆರೆಗಳು ತಾವಾಗಿಯೇ ಸರಿಯಾಗಿ ಬರುತ್ತವೆ. ಹಾಗಾಗಿ ಪಟ್ಟಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಉದಾಹರಣೆಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಏಳು ದೂರದ ವಿಮಾನ ನಿಲ್ದಾಣಗಳಿಗೆ ಗೆರೆ ಎಳೆಯೋಣ. ಇದು ದೂರ ಮತ್ತು ದಿಕ್ಕು ತಿಳಿಯುವುದಕ್ಕೆ ಮಾತ್ರ, ವಿಮಾನಗಳ ವೇಳಾಪಟ್ಟಿ ಅಂದುಕೊಳ್ಳಬೇಡಿ.

ಏನೇನು ಬೇಕು?

ಒಂದು ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್. ಫೋನಿನಲ್ಲಿ ಈ ಕೆಲಸ ಮಾಡಲು ಹೋಗಬೇಡಿ. ಮಾಡಿದ ಮೇಲೆ ಫೋನಿನಲ್ಲಿ ನೋಡಬಹುದು.

ಗೂಗಲ್ ಅರ್ಥ್ ಪ್ರೋ. ಬ್ರೌಸರಿನಲ್ಲಿ ತೆರೆಯುವ ಗೂಗಲ್ ಅರ್ಥ್ ಬೇರೆ, ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡುವ ಪ್ರೋ ಬೇರೆ. ನಮಗೆ ಬೇಕಾದದ್ದು ಪ್ರೋ. ಮೊದಲು ಇದಕ್ಕೆ ವರ್ಷಕ್ಕೆ 399 ಡಾಲರ್ ಕೊಡಬೇಕಿತ್ತು. 2015ರಿಂದ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ಒಂದು ಸ್ಪ್ರೆಡ್‌ಶೀಟ್. ಎಕ್ಸೆಲ್, ಲಿಬ್ರೆ ಆಫೀಸ್ ಕ್ಯಾಲ್ಕ್, ಗೂಗಲ್ ಶೀಟ್ಸ್ ಯಾವುದಾದರೂ ಸರಿ. ಜೊತೆಗೆ ವಿಂಡೋಸ್‌ನಲ್ಲಿ ಇದ್ದೇ ಇರುವ ನೋಟ್‌ಪ್ಯಾಡ್. ವರ್ಡ್ ಬೇಡ. ವರ್ಡ್ ಉದ್ಧರಣ ಚಿಹ್ನೆಗಳನ್ನು ತಾನೇ ಬಾಗಿದ ಚಿಹ್ನೆಗಳಾಗಿ ಬದಲಿಸುತ್ತದೆ, ಆಮೇಲೆ ಫೈಲ್ ತೆರೆಯುವುದಿಲ್ಲ.

ನಾಲ್ಕು ಪದಗಳ ಪರಿಚಯ

ಅಕ್ಷಾಂಶ ಎಂದರೆ ಸಮಭಾಜಕ ವೃತ್ತದಿಂದ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇದ್ದೇವೆ ಎನ್ನುವ ಸಂಖ್ಯೆ. ರೇಖಾಂಶ ಎಂದರೆ ಲಂಡನ್ನಿನ ಗ್ರೀನಿಚ್‌ನಿಂದ ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಎನ್ನುವ ಸಂಖ್ಯೆ. ಉತ್ತರ, ಪೂರ್ವಕ್ಕೆ ಸುಮ್ನೆ ಸಂಖ್ಯೆ. ದಕ್ಷಿಣ, ಪಶ್ಚಿಮಕ್ಕೆ ಮುಂದೆ ಮೈನಸ್. ಬೆಂಗಳೂರು ವಿಮಾನ ನಿಲ್ದಾಣ 13.20 ಅಕ್ಷಾಂಶ, 77.71 ರೇಖಾಂಶದಲ್ಲಿದೆ.

ಕೆಎಂಎಲ್ ಎನ್ನುವುದು ಗೂಗಲ್ ಅರ್ಥ್ ಓದುವ ಫೈಲ್. ಅದರಲ್ಲಿನ 'ಕೆ' ಕೀಹೋಲ್ ಎಂಬ ಕಂಪನಿಯ ಹೆಸರಿನದು. ಈ ಗ್ಲೋಬ್ ಸಾಫ್ಟ್‌ವೇರನ್ನು ಮೊದಲು ಮಾಡಿದ್ದು ಅವರು. 2004ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡುಕೊಂಡು, 2005ರಲ್ಲಿ ಗೂಗಲ್ ಅರ್ಥ್ ಎಂದು ಬಿಡುಗಡೆ ಮಾಡಿತು. ಕೆಎಂಎಲ್ ಬರೀ ಅಕ್ಷರಗಳ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು, ತಿದ್ದಬಹುದು. ನಮ್ಮ ಕೆಲಸಕ್ಕೆ ಆಧಾರವೇ ಇದು.

ಮಹಾವೃತ್ತ ಎಂದರೆ ಭೂಮಿಯನ್ನು ಸರಿಯಾಗಿ ನಡುಮಧ್ಯೆ ಕತ್ತರಿಸಿದರೆ ಮೇಲ್ಮೈಯಲ್ಲಿ ಕಾಣುವ ಸುತ್ತುಗೆರೆ. ಮೂಸಂಬಿಯನ್ನು ಸಮನಾಗಿ ಎರಡು ಹೋಳು ಮಾಡಿದಾಗ ಸಿಪ್ಪೆಯ ಮೇಲೆ ಒಂದು ಗೆರೆ ಬೀಳುತ್ತದಲ್ಲ, ಅದೇ. ಗ್ಲೋಬ್ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಯಾವಾಗಲೂ ಮಹಾವೃತ್ತದ ಒಂದು ತುಂಡು. ಶಾಲೆಯಲ್ಲಿ ಗ್ಲೋಬ್ ಇದ್ದರೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಕೂರುವ ಜಾಗವೇ ಆ ದಾರಿ.

ಹಂತ 1: ಪಟ್ಟಿ ಮಾಡಿಕೊಳ್ಳಿ

ಹೊಸ ಶೀಟಿನಲ್ಲಿ ಐದು ಕಾಲಂ ಮಾಡಿ: ಗೆರೆಯ ಹೆಸರು, ಆರಂಭದ ರೇಖಾಂಶ, ಆರಂಭದ ಅಕ್ಷಾಂಶ, ಕೊನೆಯ ರೇಖಾಂಶ, ಕೊನೆಯ ಅಕ್ಷಾಂಶ. ಒಂದು ಗೆರೆಗೆ ಒಂದು ಸಾಲು. ಆರಂಭ ಎಲ್ಲ ಸಾಲಿನಲ್ಲೂ ಬೆಂಗಳೂರೇ, ಅಂದರೆ 77.71 ಮತ್ತು 13.20. ಕೊನೆಯ ಎರಡು ಕಾಲಂಗೆ ಇವನ್ನು ತುಂಬಿ:

ದುಬೈ: ರೇಖಾಂಶ 55.36, ಅಕ್ಷಾಂಶ 25.25
ಸಿಂಗಪುರ: ರೇಖಾಂಶ 103.99, ಅಕ್ಷಾಂಶ 1.36
ಟೋಕಿಯೊ ನರಿಟಾ: ರೇಖಾಂಶ 140.39, ಅಕ್ಷಾಂಶ 35.76
ಫ್ರಾಂಕ್‌ಫರ್ಟ್: ರೇಖಾಂಶ 8.57, ಅಕ್ಷಾಂಶ 50.03
ಲಂಡನ್ ಹೀಥ್ರೂ: ರೇಖಾಂಶ -0.45, ಅಕ್ಷಾಂಶ 51.47
ಸಿಡ್ನಿ: ರೇಖಾಂಶ 151.18, ಅಕ್ಷಾಂಶ -33.95
ಸ್ಯಾನ್ ಫ್ರಾನ್ಸಿಸ್ಕೊ: ರೇಖಾಂಶ -122.38, ಅಕ್ಷಾಂಶ 37.62

ಚುಕ್ಕೆಯ ನಂತರ ಎರಡೇ ಅಂಕೆ ಸಾಕೇ ಎಂದು ಕೇಳಬಹುದು. 0.01 ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 1.1 ಕಿ.ಮೀ. ಖಂಡಗಳ ನಡುವಿನ ಗೆರೆಗೆ ಅಷ್ಟು ಸಾಕು. ನಿಮ್ಮ ತೋಟದ ಪೈಪ್‌ಲೈನ್ ಗುರುತಿಸುತ್ತಿದ್ದರೆ ಐದಾರು ಅಂಕೆ ಬೇಕು.

ಬೇರೆ ಸ್ಥಳದ ಸಂಖ್ಯೆ ಬೇಕಾದರೆ ಗೂಗಲ್ ಮ್ಯಾಪ್ಸ್‌ನಲ್ಲಿ ಆ ಜಾಗದ ಮೇಲೆ ಮೌಸಿನ ಬಲಗುಂಡಿ ಒತ್ತಿ. ಎರಡು ಸಂಖ್ಯೆ ಕಾಣುತ್ತವೆ. ಅವುಗಳ ಮೇಲೆ ಒತ್ತಿದರೆ ಕಾಪಿ ಆಗುತ್ತವೆ.

ಈಗ ಜನ ಎಡವುವ ಜಾಗಗಳು. ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ.

ಮೊದಲನೆಯದು, ಹಿಂದುಮುಂದು. ಗೂಗಲ್ ಮ್ಯಾಪ್ಸ್ ಅಕ್ಷಾಂಶವನ್ನು ಮೊದಲು ಕೊಡುತ್ತದೆ, ಆಮೇಲೆ ರೇಖಾಂಶ. ಕೆಎಂಎಲ್ ಕೇಳುವುದು ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನೂರರಲ್ಲಿ ತೊಂಬತ್ತು ಜನರ ಗೆರೆ ಎಲ್ಲೆಲ್ಲೋ ಹೋಗುವುದಕ್ಕೆ ಇದೇ ಕಾರಣ ಎಂದು ನನ್ನ ಅನಿಸಿಕೆ. ಬೆಂಗಳೂರಿನ ಎರಡು ಸಂಖ್ಯೆ ಅದಲುಬದಲಾದರೆ ಗೆರೆ ಹೊರಡುವುದು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಹಿಮಸಮುದ್ರದಿಂದ. ನಿಮ್ಮ ಗೆರೆಗಳೆಲ್ಲ ಉತ್ತರ ಧ್ರುವದ ಹತ್ತಿರ ಗುಂಪುಗೂಡಿದ್ದರೆ ಬೇರೆ ಏನನ್ನೂ ಹುಡುಕಬೇಡಿ, ಇದನ್ನೇ ಸರಿಮಾಡಿ.

ಎರಡನೆಯದು, ಮೈನಸ್ ಬಿಟ್ಟುಹೋಗುವುದು. ಸ್ಯಾನ್ ಫ್ರಾನ್ಸಿಸ್ಕೊದ ರೇಖಾಂಶಕ್ಕೆ ಮೈನಸ್ ಹಾಕದಿದ್ದರೆ ಗೆರೆ ಚೀನಾದ ವೇಹಾಯ್ ಊರಿನ ಹತ್ತಿರದ ಸಮುದ್ರದಲ್ಲಿ ನಿಲ್ಲುತ್ತದೆ. ಸಿಡ್ನಿಗೆ ಮೈನಸ್ ಮರೆತರೆ ಜಪಾನಿನ ಪೂರ್ವಕ್ಕೆ, ನಡುಸಮುದ್ರದಲ್ಲಿ. ಇನ್ನೊಂದು ಕಾಣದ ತೊಂದರೆ ಇದೆ. ವೆಬ್ ಪುಟಗಳಿಂದ ಕಾಪಿ ಮಾಡಿದ ಮೈನಸ್ ಕೆಲವು ಸಲ ನಿಜವಾದ ಮೈನಸ್ ಆಗಿರುವುದಿಲ್ಲ. ನೋಡಲು ಹಾಗೇ ಇರುವ ಉದ್ದ ಅಡ್ಡಗೆರೆಯಾಗಿರುತ್ತದೆ. ಕಂಪ್ಯೂಟರ್ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ. ಮೈನಸನ್ನು ಅಳಿಸಿ ಕೀಬೋರ್ಡಿನಿಂದ ಮತ್ತೆ ಟೈಪ್ ಮಾಡಿಬಿಡಿ.

ಮೂರನೆಯದು ನಮ್ಮ ಭಾಷೆಯವರಿಗೆ ಮಾತ್ರ ಬರುವ ತೊಂದರೆ. ಕನ್ನಡ ಅಂಕೆಗಳಲ್ಲಿ, ಅಂದರೆ ೧೩.೨೦ ಎಂದು ಬರೆದರೆ ಗೂಗಲ್ ಅರ್ಥ್ ಓದುವುದಿಲ್ಲ. ಸಂಖ್ಯೆಗಳು 0ಯಿಂದ 9ರ ಅಂಕೆಗಳಲ್ಲೇ ಇರಲಿ. ಗೆರೆಯ ಹೆಸರು ಕನ್ನಡದಲ್ಲಿ ಧಾರಾಳವಾಗಿ ಇರಬಹುದು, ಚೆನ್ನಾಗಿಯೇ ಕಾಣುತ್ತದೆ. ಹೆಸರಿನಲ್ಲಿ & ಚಿಹ್ನೆ ಮಾತ್ರ ಬೇಡ, 'ಮತ್ತು' ಎಂದು ಬರೆಯಿರಿ. ಕೆಎಂಎಲ್‌ನಲ್ಲಿ ಆ ಚಿಹ್ನೆಗೆ ಬೇರೆ ಅರ್ಥವಿದೆ. ಅದೊಂದು ಸೇರಿಕೊಂಡರೆ ಇಡೀ ಫೈಲ್ ತೆರೆಯುವುದಿಲ್ಲ.

ನಾಲ್ಕನೆಯದು, ಡಿಗ್ರಿ-ನಿಮಿಷ-ಸೆಕೆಂಡು. ಹಳೆಯ ನಕ್ಷೆ, ಗೆಜೆಟಿಯರ್‌ಗಳಲ್ಲಿ 13 ಡಿಗ್ರಿ 11 ನಿಮಿಷ 55 ಸೆಕೆಂಡು ಎಂದು ಕೊಟ್ಟಿರುತ್ತಾರೆ. ಇದನ್ನು 13.1155 ಎಂದು ಬರೆಯಬೇಡಿ. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಕೂಡಬೇಕು. 11 ಭಾಗಿಸು 60 ಅಂದರೆ 0.1833. 55 ಭಾಗಿಸು 3600 ಅಂದರೆ 0.0153. ಒಟ್ಟು 13.1986.

ಇನ್ನೊಂದು ಮಾತು. ಬೆಂಗಳೂರಿನ 77.71ನ್ನು ಏಳು ಸಾಲಿಗೂ ತುಂಬುವಾಗ ಸೆಲ್‌ನ ಮೂಲೆ ಹಿಡಿದು ಎಳೆಯುವುದು ನಮ್ಮೆಲ್ಲರ ಅಭ್ಯಾಸ. ಲಿಬ್ರೆ ಆಫೀಸ್‌ನಲ್ಲಿ ಹಾಗೆ ಎಳೆದರೆ ಸಂಖ್ಯೆ 78.71, 79.71 ಎಂದು ಏರುತ್ತಾ ಹೋಗುತ್ತದೆ. ಕಾಪಿ ಮಾಡಿ ಪೇಸ್ಟ್ ಮಾಡುವುದೇ ಕ್ಷೇಮ.

ಹಂತ 2: ಒಂದು ಗೆರೆ ಕೈಯಲ್ಲಿ ಎಳೆಯಿರಿ

ಗೂಗಲ್ ಅರ್ಥ್ ಪ್ರೋ ತೆರೆಯಿರಿ. ಮೇಲಿನ 'ಆಡ್' ಮೆನುವಿನಲ್ಲಿ 'ಪಾತ್' ಆರಿಸಿ. ಕಂಟ್ರೋಲ್, ಶಿಫ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೂ ಆಗುತ್ತದೆ. ಒಂದು ಚಿಕ್ಕ ಕಿಟಕಿ ಬರುತ್ತದೆ. ಅದನ್ನು ಮುಚ್ಚಬೇಡಿ, 'ಓಕೆ' ಕೂಡ ಒತ್ತಬೇಡಿ. ಪಕ್ಕಕ್ಕೆ ಸರಿಸಿಡಿ. ಅದು ತೆರೆದಿರುವಾಗ ಮಾತ್ರ ಗೆರೆ ಎಳೆಯಲು ಆಗುವುದು.

ಗ್ಲೋಬ್ ಮೇಲೆ ಎಲ್ಲಾದರೂ ಒಂದು ಸಲ ಒತ್ತಿ, ದೂರದಲ್ಲಿ ಇನ್ನೊಂದು ಸಲ ಒತ್ತಿ. ಗೆರೆ ಬಂತು. ಎಲ್ಲಿಂದ ಎಲ್ಲಿಗೆ ಎನ್ನುವುದು ಈಗ ಮುಖ್ಯವಲ್ಲ, ನಮಗೆ ಬೇಕಾಗಿರುವುದು ಅಚ್ಚು. ಮೌಸಿನ ಗುಂಡಿ ಒತ್ತಿಹಿಡಿದು ಎಳೆದಾಡಬೇಡಿ, ಹಾಗೆ ಮಾಡಿದರೆ ನೂರಾರು ಬಿಂದುಗಳ ಗೀಚು ಬರುತ್ತದೆ. ಗ್ಲೋಬ್ ತಿರುಗಿಸಬೇಕಾದರೆ ಕೀಬೋರ್ಡಿನ ಬಾಣದ ಗುಂಡಿಗಳನ್ನು ಬಳಸಿ.

ಕಿಟಕಿಯ ಹೆಸರಿನ ಜಾಗದಲ್ಲಿ 'ಮಾದರಿ' ಎಂದು ಬರೆಯಿರಿ. 'ಸ್ಟೈಲ್, ಕಲರ್' ಎಂಬಲ್ಲಿ ಎದ್ದುಕಾಣುವ ಬಣ್ಣ ಆರಿಸಿ, ದಪ್ಪ 2 ಅಥವಾ 3 ಕೊಡಿ. 'ಆಲ್ಟಿಟ್ಯೂಡ್' ಎಂಬಲ್ಲಿ 'ಕ್ಲ್ಯಾಂಪ್ಡ್ ಟು ಗ್ರೌಂಡ್' ಇದೆಯೇ ನೋಡಿಕೊಳ್ಳಿ. ಗೆರೆ ನೆಲಕ್ಕೆ ಅಂಟಿಕೊಂಡು ಸಾಗಲಿ ಎಂದು ಅದರ ಅರ್ಥ. ಈಗ 'ಓಕೆ' ಒತ್ತಿ.

ಹಂತ 3: ಅಚ್ಚನ್ನು ಹೊರಗೆ ತೆಗೆಯಿರಿ

ಎಡಗಡೆಯ ಪಟ್ಟಿಯಲ್ಲಿ 'ಮಾದರಿ' ಮೇಲೆ ಬಲಗುಂಡಿ ಒತ್ತಿ 'ಸೇವ್ ಪ್ಲೇಸ್ ಆ್ಯಸ್' ಆರಿಸಿ. ಕೆಳಗೆ ಫೈಲ್ ಬಗೆಯನ್ನು ಕೆಎಂಎಲ್ ಎಂದು ಬದಲಿಸಿ. ಇಲ್ಲದಿದ್ದರೆ ಅದು ಕೆಎಂಝಡ್ ಎಂದು ಸೇವ್ ಆಗಬಹುದು. ಕೆಎಂಝಡ್ ಎಂದರೆ ಜಿಪ್ ಮಾಡಿದ ಕೆಎಂಎಲ್. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳು ಮಾತ್ರ ಕಾಣುತ್ತವೆ.

ಸೇವ್ ಆದ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಕೋನಾಕಾರದ ಆವರಣಗಳ ನಡುವೆ ಇಂಗ್ಲಿಷ್ ಪದಗಳು ಕಾಣುತ್ತವೆ. ಇವಕ್ಕೆ ಟ್ಯಾಗ್ ಎಂದು ಹೆಸರು. ಪ್ರತಿ ಟ್ಯಾಗಿಗೂ ಒಂದು ತೆರೆಯುವ ರೂಪ, ಒಂದು ಮುಚ್ಚುವ ರೂಪ ಇರುತ್ತದೆ. ಮುಚ್ಚುವುದರಲ್ಲಿ ಓರೆಗೆರೆ ಇರುತ್ತದೆ. ಗಾಬರಿ ಬೇಡ. ಇಡೀ ಫೈಲನ್ನು ತಲೆ, ನಡು, ಬಾಲ ಎಂದು ಮೂರು ಭಾಗವಾಗಿ ನೋಡಿ.

'ಪ್ಲೇಸ್‌ಮಾರ್ಕ್' ಎಂಬ ಟ್ಯಾಗ್ ಶುರುವಾಗುವವರೆಗಿನ ಎಲ್ಲವೂ ತಲೆ. ಬಣ್ಣ, ದಪ್ಪದ ವಿವರ ಇರುವುದು ಇಲ್ಲಿ. 'ಪ್ಲೇಸ್‌ಮಾರ್ಕ್' ತೆರೆಯುವಲ್ಲಿಂದ ಮುಚ್ಚುವವರೆಗಿನದು ನಡು. ಅದೇ ನಮ್ಮ ಒಂದು ಗೆರೆ. ಅದರ ನಂತರ ಉಳಿಯುವ ಒಂದೆರಡು ಸಾಲು ಬಾಲ.

ತಲೆ ಒಂದೇ ಸಲ, ಬಾಲ ಒಂದೇ ಸಲ. ನಡು ಮಾತ್ರ ಎಷ್ಟು ಗೆರೆ ಬೇಕೋ ಅಷ್ಟು ಸಲ. ಇಷ್ಟು ಗೊತ್ತಾದರೆ ಮುಕ್ಕಾಲು ಕೆಲಸ ಆದ ಹಾಗೆ.

ನಡುವಿನ ಭಾಗವನ್ನು ಸ್ವಲ್ಪ ಹತ್ತಿರದಿಂದ ನೋಡಿ. 'ನೇಮ್' ಟ್ಯಾಗಿನ ಒಳಗೆ 'ಮಾದರಿ' ಎಂಬ ಹೆಸರಿದೆ. 'ಕೋಆರ್ಡಿನೇಟ್ಸ್' ಟ್ಯಾಗಿನ ಒಳಗೆ ಸಂಖ್ಯೆಗಳಿವೆ. ಒಂದು ಬಿಂದುವಿಗೆ ಮೂರು ಸಂಖ್ಯೆ: ರೇಖಾಂಶ, ಅಕ್ಷಾಂಶ, ಎತ್ತರ. ನಡುವೆ ಅಲ್ಪವಿರಾಮ ಇದೆ, ಜಾಗವಿಲ್ಲ. ಒಂದು ಬಿಂದು ಮುಗಿದ ಮೇಲೆ ಮಾತ್ರ ಒಂದು ಜಾಗ. ಅಲ್ಪವಿರಾಮದ ಪಕ್ಕ ಜಾಗ ಬಿಟ್ಟರೆ ಗೂಗಲ್ ಅರ್ಥ್ ಅದನ್ನು ಬೇರೆಯೇ ಬಿಂದು ಎಂದು ತಿಳಿಯುತ್ತದೆ.

ಇನ್ನೊಂದು ಟ್ಯಾಗ್ 'ಟೆಸಲೇಟ್'. ಒಳಗೆ 1 ಎಂದಿರುತ್ತದೆ. ಇದನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಭೂಮಿಯ ಉಬ್ಬನ್ನು ಅನುಸರಿಸಿ ಗೆರೆ ಬಾಗಲಿ ಎಂದು ಹೇಳುವುದು ಇದೇ. ಇದಿಲ್ಲದಿದ್ದರೆ ಗೆರೆ ಈಟಿಯ ಹಾಗೆ ನೇರವಾಗಿ ಭೂಮಿಯೊಳಗೆ ತೂರಿಹೋಗುತ್ತದೆ. ಬೆಂಗಳೂರು–ಸಿಂಗಪುರದ ಗೆರೆ ನಡುದಾರಿಯಲ್ಲಿ ಸುಮಾರು 200 ಕಿ.ಮೀ. ಆಳದಲ್ಲಿರುತ್ತದೆ. ಪರದೆ ಮೇಲೆ ಏನೂ ಕಾಣುವುದಿಲ್ಲ. "ಪಟ್ಟಿಯಲ್ಲಿ ಹೆಸರಿದೆ, ಗೆರೆ ಮಾತ್ರ ಕಾಣ್ತಿಲ್ಲ" ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಟ್ಯಾಗ್ ನೋಡಿ ಎಂದೇ. ಕೈಯಲ್ಲಿ ಎಳೆದ ಗೆರೆಯನ್ನೇ ಅಚ್ಚು ಮಾಡಿಕೊಳ್ಳಲು ಹೇಳಿದ್ದೂ ಇದಕ್ಕೇ. ಗೂಗಲ್ ಅರ್ಥ್ ತಾನೇ ಈ ಟ್ಯಾಗ್ ಹಾಕಿಕೊಟ್ಟಿರುತ್ತದೆ.

ಹಂತ 4: ನಡುವನ್ನು ಮೂರು ತುಂಡು ಮಾಡಿ

ಮೊದಲು ನಡುಭಾಗವನ್ನು ಬೇರೆ ಹೊಸ ನೋಟ್‌ಪ್ಯಾಡ್‌ಗೆ ಕಾಪಿ ಮಾಡಿ. ಸಾಲುಗಳ ಕೊನೆಗೆ ಹೋಗಿ ಡಿಲೀಟ್ ಒತ್ತುತ್ತಾ ಎಲ್ಲವನ್ನೂ ಒಂದೇ ಉದ್ದ ಸಾಲಾಗಿ ಮಾಡಿ. 'ಪ್ಲೇಸ್‌ಮಾರ್ಕ್' ತೆರೆಯುವ ಟ್ಯಾಗಿನೊಳಗೆ ಉದ್ಧರಣ ಚಿಹ್ನೆಯಲ್ಲಿ ಏನಾದರೂ ಗುರುತು ಇದ್ದರೆ ಅದನ್ನು ತೆಗೆದುಹಾಕಿ, ಬರೀ 'ಪ್ಲೇಸ್‌ಮಾರ್ಕ್' ಉಳಿಯಲಿ. ಎಕ್ಸೆಲ್‌ನಿಂದ ಕಾಪಿ ಮಾಡುವಾಗ ಸೆಲ್ ಒಳಗೆ ಸಾಲು ಮುರಿದಿದ್ದರೆ ಇಲ್ಲದ ಉದ್ಧರಣ ಚಿಹ್ನೆಗಳು ಸೇರಿಕೊಳ್ಳುತ್ತವೆ. ಅದನ್ನು ತಪ್ಪಿಸಲು ಈ ತಯಾರಿ.

ಈಗ ಕತ್ತರಿಸುವುದು. ಶುರುವಿನಿಂದ 'ನೇಮ್' ತೆರೆಯುವ ಟ್ಯಾಗಿನವರೆಗೆ ತುಂಡು 1. 'ನೇಮ್' ಮುಚ್ಚುವ ಟ್ಯಾಗಿನಿಂದ 'ಕೋಆರ್ಡಿನೇಟ್ಸ್' ತೆರೆಯುವ ಟ್ಯಾಗಿನವರೆಗೆ ತುಂಡು 2. 'ಕೋಆರ್ಡಿನೇಟ್ಸ್' ಮುಚ್ಚುವ ಟ್ಯಾಗಿನಿಂದ ಕೊನೆಯವರೆಗೆ ತುಂಡು 3. ಹಳೆಯ ಹೆಸರು, ಹಳೆಯ ಸಂಖ್ಯೆಗಳನ್ನು ಬಿಟ್ಟುಬಿಡಿ. ಶೀಟಿನಲ್ಲಿ ಇನ್ನೂ ಮೂರು ಕಾಲಂ ಮಾಡಿ, ಏಳು ಸಾಲಿಗೂ ಈ ಮೂರು ತುಂಡುಗಳನ್ನು ಪೇಸ್ಟ್ ಮಾಡಿ.

ಹಂತ 5: ಜೋಡಿಸಿ

ಒಂಬತ್ತನೆಯ ಕಾಲಂನಲ್ಲಿ ಎಲ್ಲವನ್ನೂ ಹೊಲಿಯಬೇಕು. ಸ್ಪ್ರೆಡ್‌ಶೀಟಿನಲ್ಲಿ & ಚಿಹ್ನೆ ಎರಡು ಸೆಲ್‌ಗಳನ್ನು ಅಂಟಿಸುತ್ತದೆ. ಸೂತ್ರ ಹೀಗೆ:

=ತುಂಡು1 & ಹೆಸರು & ತುಂಡು2 & ಆರಂಭರೇಖಾಂಶ & "," & ಆರಂಭಅಕ್ಷಾಂಶ & ",0 " & ಕೊನೆರೇಖಾಂಶ & "," & ಕೊನೆಅಕ್ಷಾಂಶ & ",0" & ತುಂಡು3

ಇದನ್ನು ಹೀಗೇ ಟೈಪ್ ಮಾಡಬೇಡಿ. ಪದ ಇರುವ ಕಡೆಯಲ್ಲೆಲ್ಲ ಅದೇ ಸಾಲಿನ ಆ ಸೆಲ್ ಮೇಲೆ ಮೌಸಿನಿಂದ ಒತ್ತಿ, ಅದರ ವಿಳಾಸ ತಾನೇ ಬಂದು ಕೂರುತ್ತದೆ. ಚಿಹ್ನೆಗಳನ್ನು ಮಾತ್ರ ನೀವು ಟೈಪ್ ಮಾಡಿ. ಮೊದಲನೆಯ ",0 " ಒಳಗೆ ಸೊನ್ನೆಯ ನಂತರ ಒಂದು ಜಾಗ ಇದೆ, ಗಮನಿಸಿ. ಅದು ಬಿಟ್ಟುಹೋದರೆ ಎರಡು ಬಿಂದುಗಳು ಅಂಟಿಕೊಂಡು ಗೆರೆಯೇ ಬರುವುದಿಲ್ಲ.

ಎಂಟರ್ ಒತ್ತಿದಾಗ ಉದ್ದನೆಯ ಒಂದು ಸಾಲು ಬಂದರೆ ಸರಿಯಾಗಿದೆ. ಆ ಸೆಲ್ ಅನ್ನು ಕೆಳಗಿನ ಆರು ಸಾಲಿಗೂ ಪೇಸ್ಟ್ ಮಾಡಿ. ಏಳು ಗೆರೆ ಸಿದ್ಧ. ಏಳರ ಬದಲು ಎಪ್ಪತ್ತಿದ್ದರೂ ಕೆಲಸ ಇಷ್ಟೇ.

ಹಂತ 6: ಫೈಲ್ ಮಾಡಿ, ತೆರೆಯಿರಿ

ಮಾದರಿ ಫೈಲಿಗೆ ವಾಪಸ್ ಬನ್ನಿ. ಹಳೆಯ ನಡುವನ್ನು ಪೂರ್ತಿ ಅಳಿಸಿ, ಆ ಜಾಗದಲ್ಲಿ ಒಂಬತ್ತನೆಯ ಕಾಲಂನ ಏಳೂ ಸೆಲ್‌ಗಳನ್ನು ಪೇಸ್ಟ್ ಮಾಡಿ. ಮೇಲೆ ತಲೆ, ಕೆಳಗೆ ಬಾಲ ಹಾಗೇ ಇರಬೇಕು. 'ಸೇವ್ ಆ್ಯಸ್' ಕೊಟ್ಟು ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಅಲ್ಲಿ ಎರಡು ವಿಷಯ ನೋಡಿಕೊಳ್ಳಿ. ಫೈಲ್ ಬಗೆ 'ಆಲ್ ಫೈಲ್ಸ್' ಇರಲಿ, ಇಲ್ಲದಿದ್ದರೆ ಹೆಸರಿನ ಬಾಲಕ್ಕೆ ಟೆಕ್ಸ್ಟ್ ಫೈಲಿನ ಗುರುತು ಸೇರಿಕೊಂಡು ಗೂಗಲ್ ಅರ್ಥ್ ಅದನ್ನು ಗುರುತಿಸುವುದಿಲ್ಲ. 'ಎನ್‌ಕೋಡಿಂಗ್' ಎಂಬಲ್ಲಿ ಯುಟಿಎಫ್-8 ಇರಲಿ, ಇಲ್ಲದಿದ್ದರೆ ಕನ್ನಡ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ.

ಫೈಲ್ ಮೇಲೆ ಎರಡು ಸಲ ಒತ್ತಿ. ಗ್ಲೋಬ್ ತಿರುಗಿ, ಬೆಂಗಳೂರಿನಿಂದ ಏಳು ಗೆರೆ ಹೊರಟಿರುವುದು ಕಾಣುತ್ತದೆ.

ತೆರೆಯದೆ ತಪ್ಪು ತೋರಿಸಿದರೆ ಅದರಲ್ಲಿ ಸಾಲಿನ ಸಂಖ್ಯೆ ಇದೆಯೇ ನೋಡಿ. ಇದ್ದರೆ ನೋಟ್‌ಪ್ಯಾಡ್‌ನಲ್ಲಿ ಆ ಸಾಲಿಗೆ ಹೋಗಿ. ನಾನು ನೋಡಿದ ಮಟ್ಟಿಗೆ ಯಾವುದೋ ಟ್ಯಾಗ್ ಮುಚ್ಚದೆ ಉಳಿದಿರುತ್ತದೆ ಅಥವಾ ಹೆಸರಿನಲ್ಲಿ & ನುಸುಳಿರುತ್ತದೆ.

ಇನ್ನು ಕೆಲವರು ಎಲ್ಲ ಊರಿನ ಸಂಖ್ಯೆಗಳನ್ನೂ ಒಂದೇ 'ಕೋಆರ್ಡಿನೇಟ್ಸ್' ಒಳಗೆ ತುಂಬಿಬಿಡುತ್ತಾರೆ. ಆಗ ದುಬೈನಿಂದ ಸಿಂಗಪುರ, ಅಲ್ಲಿಂದ ಟೋಕಿಯೊ ಎಂದು ಒಂದೇ ಗೆರೆ ಅಂಕುಡೊಂಕಾಗಿ ಓಡುತ್ತದೆ. ಪ್ರತಿ ಗೆರೆಗೂ ಅದರದೇ 'ಪ್ಲೇಸ್‌ಮಾರ್ಕ್' ಇರಬೇಕು.

ಹಂತ 7: ಸರಿಯಿದೆಯೇ ನೋಡಿ

ಗೆರೆ ಕಂಡ ಕೂಡಲೇ ನಂಬಬೇಡಿ. ಯಾವುದಾದರೂ ಗೆರೆಯ ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆದು 'ಮೆಷರ್‌ಮೆಂಟ್ಸ್' ನೋಡಿ. ಉದ್ದ ಸಿಗುತ್ತದೆ. ದುಬೈಗೆ ಸುಮಾರು 2,700 ಕಿ.ಮೀ., ಸಿಂಗಪುರಕ್ಕೆ 3,180, ಟೋಕಿಯೊ ನರಿಟಾಗೆ 6,700, ಫ್ರಾಂಕ್‌ಫರ್ಟ್‌ಗೆ 7,400, ಲಂಡನ್ನಿಗೆ 8,040, ಸಿಡ್ನಿಗೆ 9,350, ಸ್ಯಾನ್ ಫ್ರಾನ್ಸಿಸ್ಕೊಗೆ 14,000ದ ಹತ್ತಿರ ಬರಬೇಕು. ಹತ್ತಿಪ್ಪತ್ತು ಕಿ.ಮೀ. ಆಚೀಚೆ ಇದ್ದರೆ ಚಿಂತೆಯಿಲ್ಲ. ಸಾವಿರಗಟ್ಟಲೆ ವ್ಯತ್ಯಾಸ ಇದ್ದರೆ ಹಂತ 1ಕ್ಕೆ ಹೋಗಿ ಮೈನಸ್ ಮತ್ತು ಹಿಂದುಮುಂದು ನೋಡಿ.

ಈಗ ಸ್ಯಾನ್ ಫ್ರಾನ್ಸಿಸ್ಕೊ ಗೆರೆಯನ್ನು ಬೆನ್ನುಹತ್ತಿ. ಗೋಡೆಯ ನಕ್ಷೆಯಲ್ಲಿ ಅಮೆರಿಕ ಎಡಗಡೆ ಇದೆ, ಹಾಗಾಗಿ ಗೆರೆ ಅರಬ್ಬಿ ಸಮುದ್ರ ದಾಟಿ ಪಶ್ಚಿಮಕ್ಕೆ ಹೋಗಬೇಕು ಎಂದು ಮನಸ್ಸು ಹೇಳುತ್ತದೆ. ಗ್ಲೋಬ್ ಮೇಲೆ ಅದು ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ ಹೊರಡುತ್ತದೆ. ಹಿಮಾಲಯ ದಾಟಿ, ಸೈಬೀರಿಯ ದಾಟಿ, ಸುಮಾರು 71 ಡಿಗ್ರಿ ಉತ್ತರದವರೆಗೆ ಏರಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ತಪ್ಪಾಯಿತು ಎಂದು ಹೆದರಿ ಅಳಿಸಬೇಡಿ. ಅದೇ ಅತಿ ಹತ್ತಿರದ ದಾರಿ. ಮಕ್ಕಳಿಗೆ ಭೂಮಿ ದುಂಡಗಿದೆ ಎಂದು ಬಾಯಲ್ಲಿ ನೂರು ಸಲ ಹೇಳುವುದಕ್ಕಿಂತ ಈ ಒಂದು ಗೆರೆ ತೋರಿಸುವುದು ಮೇಲು ಎಂದು ನಾನು ಮನಸಾರೆ ನಂಬಿದ್ದೇನೆ.

ವಿಮಾನ ಇದೇ ಗೆರೆ ಹಿಡಿದೇ ಹಾರುತ್ತದೆ ಎಂದು ಮಾತ್ರ ಹೇಳಬೇಡಿ. ಗಾಳಿಯ ದಿಕ್ಕು, ದೇಶಗಳ ವಾಯುಗಡಿ ನೋಡಿಕೊಂಡು ದಾರಿ ಬದಲಾಗುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿನಿಂದಲೇ ಬಂತು. ಅದರ ಪೈಲಟ್‌ಗಳೆಲ್ಲ ಮಹಿಳೆಯರು. ಆ ದಾರಿಯನ್ನೂ ತೋರಿಸಬೇಕೆಂದರೆ ಇನ್ನೊಂದು ಸಾಲು ಸೇರಿಸಿ, ನಡುವೆ ಧ್ರುವದ ಹತ್ತಿರದ ಒಂದು ಬಿಂದು ಹಾಕಿ. ಒಂದು ಗೆರೆಗೆ ಎರಡೇ ಬಿಂದು ಇರಬೇಕೆಂದೇನೂ ಇಲ್ಲ.

ಹಂತ 8: ಬಣ್ಣ, ಗುಂಪು

ಏಳು ಗೆರೆಗೆ ಒಂದೇ ಬಣ್ಣ ನಡೆಯುತ್ತದೆ. ಮೂವತ್ತಾದರೆ ಗೋಜಲು. ಎಡಗಡೆಯ ಪಟ್ಟಿಯಲ್ಲಿ ಬಲಗುಂಡಿ ಒತ್ತಿ 'ಆಡ್', 'ಫೋಲ್ಡರ್' ಆರಿಸಿ. ಪೂರ್ವ, ಪಶ್ಚಿಮ ಎಂದು ಎರಡು ಫೋಲ್ಡರ್ ಮಾಡಿ, ಗೆರೆಗಳನ್ನು ಎಳೆದು ಹಾಕಿ. ಫೋಲ್ಡರಿನ 'ಪ್ರಾಪರ್ಟೀಸ್' ತೆರೆದು 'ಸ್ಟೈಲ್, ಕಲರ್' ಎಂಬಲ್ಲಿ 'ಶೇರ್ ಸ್ಟೈಲ್' ಒತ್ತಿದರೆ ಒಳಗಿನ ಎಲ್ಲ ಗೆರೆಗೂ ಒಟ್ಟಿಗೆ ಬಣ್ಣ ಕೊಡಬಹುದು. ಬಣ್ಣವನ್ನು ಅರ್ಧ ಪಾರದರ್ಶಕ ಮಾಡಿದರೆ ಗೆರೆಗಳು ಒಂದರ ಮೇಲೊಂದು ಬಿದ್ದಾಗಲೂ ಕೆಳಗಿನ ನೆಲ ಕಾಣುತ್ತದೆ.

ನೋಟ್‌ಪ್ಯಾಡ್‌ನಲ್ಲೇ ಬಣ್ಣ ಬದಲಿಸುವವರಿಗೆ ಒಂದು ಎಚ್ಚರಿಕೆ. ವೆಬ್ ಪುಟಗಳಲ್ಲಿ ಬಣ್ಣದ ಸಂಕೇತ ಕೆಂಪು, ಹಸಿರು, ನೀಲಿ ಎನ್ನುವ ಕ್ರಮದಲ್ಲಿರುತ್ತದೆ. ಕೆಎಂಎಲ್‌ನಲ್ಲಿ ಮೊದಲು ಪಾರದರ್ಶಕತೆ, ಆಮೇಲೆ ನೀಲಿ, ಹಸಿರು, ಕೊನೆಗೆ ಕೆಂಪು. ಕೆಂಪು ಕೊಟ್ಟೆ, ನೀಲಿ ಬಂತು ಎನ್ನುವುದಕ್ಕೆ ಇದೇ ಕಾರಣ.

ನೂರಾರು ಗೆರೆ ಇದ್ದರೆ

ಆಗ ಕ್ಯೂಜಿಐಎಸ್ ಕಲಿಯಿರಿ. ಇದೂ ಉಚಿತ, ನಕ್ಷೆ ಕೆಲಸದವರು ಬಳಸುವ ಸಾಫ್ಟ್‌ವೇರ್. ನಮ್ಮ ಹಾಗೆ ಆರಂಭ–ಕೊನೆ ಇರುವ ಪಟ್ಟಿಗೆ 'ಶೇಪ್ ಟೂಲ್ಸ್' ಎಂಬ ಪ್ಲಗಿನ್ ಹಾಕಿಕೊಂಡು 'ಎಕ್ಸ್‌ವೈ ಟು ಲೈನ್' ಬಳಸಿ. ನದಿ, ಹಾದಿಗಳ ಹಾಗೆ ಒಂದು ಗೆರೆಗೆ ತುಂಬಾ ಬಿಂದು ಇದ್ದರೆ 'ಪಾಯಿಂಟ್ಸ್ ಟು ಪಾತ್' ಬಳಸಿ. ಇದಕ್ಕೆ ಪಟ್ಟಿ ಬೇರೆ ಥರ: ಒಂದು ಬಿಂದುವಿಗೆ ಒಂದು ಸಾಲು, ಅದರಲ್ಲಿ ಗೆರೆಯ ಹೆಸರು ಮತ್ತು ಬಿಂದುವಿನ ಕ್ರಮಸಂಖ್ಯೆ. ಕ್ರಮಸಂಖ್ಯೆ ಬಿಟ್ಟರೆ ಕಾವೇರಿ ತಲಕಾವೇರಿಯಿಂದ ಹೊರಟು ಮೈಸೂರಿಗೆ ಬಂದು ಮತ್ತೆ ಕೊಡಗಿಗೆ ಹಾರಿದ ಹಾಗೆ ಗೆರೆ ಬರಬಹುದು. ಕೊನೆಗೆ ಕೆಎಂಎಲ್ ಆಗಿ ಸೇವ್ ಮಾಡಿ. ಗೂಗಲ್ ಅರ್ಥ್‌ನಲ್ಲಿ ಗೆರೆ ನೆಲದೊಳಗೆ ಮುಳುಗಿದ್ದರೆ ನೋಟ್‌ಪ್ಯಾಡ್‌ನ 'ರಿಪ್ಲೇಸ್' ಬಳಸಿ, ಪ್ರತಿ 'ಲೈನ್‌ಸ್ಟ್ರಿಂಗ್' ತೆರೆಯುವ ಟ್ಯಾಗಿನ ಪಕ್ಕದಲ್ಲೇ ಮಾದರಿ ಫೈಲಿನ 'ಟೆಸಲೇಟ್' ಸಾಲನ್ನು ಸೇರಿಸಿ. ಒಂದೇ ಸಲಕ್ಕೆ ಎಲ್ಲ ಕಡೆ ಬದಲಾಗುತ್ತದೆ.

ಚಾರಣದ ಜಿಪಿಎಸ್ ಗೆರೆಗಳಿಗೆ ಇದ್ಯಾವುದೂ ಬೇಡ. ಫೋನಿನ ಆ್ಯಪ್‌ನಿಂದ ಜಿಪಿಎಕ್ಸ್ ಫೈಲ್ ತೆಗೆದು ಗೂಗಲ್ ಅರ್ಥ್ ಪ್ರೋದಲ್ಲಿ ತೆರೆದರೆ ಸಾಕು.

ವಿಮಾನ ಬಿಟ್ಟು ಬೇರೆ ಏನು ಎಳೆಯಬಹುದು ಎಂದರೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್ ಕಡೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೆನಪಿಸಿಕೊಳ್ಳಿ. ಆ ಕೆರೆಯಿಂದ ಉತ್ತರಕ್ಕೆ ನಾಲ್ಕೈದು ಗೆರೆ ಎಳೆದು, ದಾರಿಯಲ್ಲಿ ಹಿಮಾಲಯ ಎಲ್ಲಿ ಅಡ್ಡ ಬರುತ್ತದೆ ನೋಡಿ. ಗೆರೆಯ ಮೇಲೆ ಬಲಗುಂಡಿ ಒತ್ತಿ 'ಶೋ ಎಲಿವೇಶನ್ ಪ್ರೊಫೈಲ್' ಆರಿಸಿದರೆ ನೆಲದ ಏರಿಳಿತ ಕೆಳಗೆ ಚಿತ್ರವಾಗಿ ಬರುತ್ತದೆ. ಆ ಹಕ್ಕಿ ದಾಟಿ ಬಂದ ಗೋಡೆ ಎಷ್ಟು ಎತ್ತರ ಎಂದು ಅಲ್ಲೇ ತಿಳಿಯುತ್ತದೆ.

ಹಂತ 9: ಉಳಿಸಿ, ಕಳಿಸಿ

ನೀವು ತೆರೆದ ಫೈಲ್ ಎಡಗಡೆ 'ಟೆಂಪರರಿ ಪ್ಲೇಸಸ್' ಕೆಳಗೆ ಕೂತಿರುತ್ತದೆ. ಹೆಸರೇ ಹೇಳುವಂತೆ ಅದು ತಾತ್ಕಾಲಿಕ. ಎಳೆದು 'ಮೈ ಪ್ಲೇಸಸ್' ಒಳಗೆ ಹಾಕಿ. ಬಣ್ಣ, ಫೋಲ್ಡರ್ ಬದಲಿಸಿದ್ದರೆ ಹೊರಗಿನ ಫೋಲ್ಡರ್ ಮೇಲೆ ಬಲಗುಂಡಿ ಒತ್ತಿ ಮತ್ತೊಮ್ಮೆ 'ಸೇವ್ ಪ್ಲೇಸ್ ಆ್ಯಸ್' ಕೊಡಿ. ಈ ಸಲ ಕೆಎಂಝಡ್ ಇದ್ದರೆ ಒಳ್ಳೆಯದು, ಫೈಲ್ ಚಿಕ್ಕದಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬಹುದು. ಪಡೆದವರ ಫೋನಿನಲ್ಲಿ ಗೂಗಲ್ ಅರ್ಥ್ ಆ್ಯಪ್ ಇರಬೇಕು. ತರಗತಿಯಲ್ಲಿ ತೋರಿಸುವುದಾದರೆ ಹಿಂದಿನ ದಿನವೇ ಅದೇ ಕಂಪ್ಯೂಟರಿನಲ್ಲಿ, ಅದೇ ಇಂಟರ್ನೆಟ್‌ನಲ್ಲಿ ಒಮ್ಮೆ ತೆರೆದು ಗ್ಲೋಬನ್ನು ಪೂರ್ತಿ ತಿರುಗಿಸಿ ನೋಡಿ. ಒಮ್ಮೆ ನೋಡಿದ ಜಾಗದ ಚಿತ್ರಗಳು ಕಂಪ್ಯೂಟರಿನಲ್ಲಿ ಸ್ವಲ್ಪ ಮಟ್ಟಿಗೆ ಉಳಿದಿರುತ್ತವೆ, ಮರುದಿನ ನೆಟ್ ನಿಧಾನವಾದರೂ ಪಾಠ ನಿಲ್ಲುವುದಿಲ್ಲ.